ಮೂರನೇ ಸಿಲಿಂಡರಿನ ಸದ್ದು

ಜನವರಿ 9, ಗುರುವಾರ

ಕಡೆಗೂ ದೊಡ್ಡ ಇಂಜೆಕ್ಟರ್‌ಗಳು ಬಂದವು. ಸುಬ್ರಮಣಿ ಡಬ್ಬ ಬಿಚ್ಚಿ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡ. ಆರು ವರ್ಷದಿಂದ ನನ್ನ ಜೊತೆ ಇದ್ದಾನೆ. ಲ್ಯಾಪ್‌ಟಾಪ್ ಕೆಲಸ ಅವನದು, ಸ್ಪ್ಯಾನರ್ ಕೆಲಸ ನನ್ನದು.

ನಾಗರಾಜು ಬಂದಿದ್ದ. ಅವನ ಹಳೆಯ ಎಸ್ಟೀಮ್ ಕಾರಿಗೆ ಟರ್ಬೊ ಕೂರಿಸಿ ಆಗಿದೆ, ಇನ್ನೂ ಸ್ಟಾರ್ಟ್ ಮಾಡಿಲ್ಲ ಎಂದು ಸಿಟ್ಟು. ಅನ್ನಪೂರ್ಣೇಶ್ವರಿ ನಗರದಲ್ಲಿ ಬಿಲ್ಡಿಂಗ್ ಮೇಲೆ ಬಿಲ್ಡಿಂಗ್ ಇರುವ ಮನುಷ್ಯ, ಹೊಸ ಕಾರೇ ತೆಗೆದುಕೊಳ್ಳಬಹುದು. ಉಹೂಂ. ಡ್ರೈವಿಂಗ್ ಕಲಿತ ಕಾರೇ ಬೇಕು, ಅದೇ ಹಾರಬೇಕು.

"ಟರ್ಬೊ ಅಂದ್ರೆ ಎಂಜಿನ್ ಒಳಗೆ ಗಾಳಿ ತುರ್ಕೋದು ಸಾರ್," ಸುಬ್ರಮಣಿ ಬಿಡಿಸಿ ಹೇಳಿದ. "ಗಾಳಿ ಜಾಸ್ತಿ ಆದ್ರೆ ಪೆಟ್ರೋಲೂ ಜಾಸ್ತಿ ಹೋಗ್ಬೇಕು. ಹಳೇ ಪಂಪು, ಹಳೇ ಇಂಜೆಕ್ಟರು ಅಷ್ಟು ಕೊಡಲ್ಲ. ಆಮೇಲೆ ಮ್ಯಾಪ್ ಬರೀಬೇಕು... ಎಷ್ಟು ಪೆಟ್ರೋಲು, ಕಿಡಿ ಯಾವಾಗ, ಎಲ್ಲಾ. ಹೆಚ್ಚುಕಮ್ಮಿ ಆದ್ರೆ ಪಿಸ್ಟನ್ ಕರಗೋಗುತ್ತೆ."

"ಕರಗೋಕೆ ಅದೇನ್ ಬೆಣ್ಣೇನಾ ಗುರು?"

"ಕರಗೋವಾಗ ಬೆಣ್ಣೇನೇ. ಅದಕ್ಕೆ ಮುಂಚೆ ಒಂದು ಸದ್ದು ಬರುತ್ತೆ, ನಾಕಿಂಗ್ ಅಂತ. ಅದನ್ನ ಹಿಡಿಯೋಕೆ ಅಣ್ಣನ ಕಿವಿ ಇದ್ಯಲ್ಲ."

"ಕಿವಿ ಮಾದೇವಣ್ಣ ಇರೋವಾಗ ನಂಗೇನು ಭಯ!" ಎಂದು ನಾಗರಾಜು ಬೆನ್ನು ತಟ್ಟಿದ.

ಕಾಮಾಕ್ಷಿಪಾಳ್ಯದಿಂದ ಕೆಂಗೇರಿಯವರೆಗೆ ಅದೇ ಹೆಸರು ನನಗೆ. ಗ್ಯಾರೇಜಿನ ಬೋರ್ಡು ಯಾರೂ ಓದುವುದಿಲ್ಲ.

ಮನೆಗೆ ಬಂದು ಕುಳಿತಿದ್ದೆ. ವರಲಕ್ಷ್ಮಿ ಒಳಗಿನಿಂದ ಬಂದಳು. "ರೀ, ಪಕ್ಕದಲ್ಲೇ ಕೂತಿದೀರ, ವಾಷಿಂಗ್ ಮೆಷಿನ್ನು ಆಗ್ಲಿಂದ ಬೀಪ್ ಬೀಪ್ ಅಂತ ಬಡ್ಕೋತಾ ಇದೆ!" ಪೇಪರ್ ಓದುತ್ತಿದ್ದೆ ಎಂದೆ. ಕೈಯಲ್ಲಿ ಪೇಪರ್ ಇರಲಿಲ್ಲ.

ಜನವರಿ 13, ಸೋಮವಾರ

ಟ್ಯಾಂಕ್ ಇಳಿಸಿ ಹೊಸ ಫ್ಯೂಯಲ್ ಪಂಪ್ ಹಾಕಿದೆ. ಪ್ರೆಷರ್ ಇಳಿಯದೆ ನಿಂತಿತು, ಎಲ್ಲೂ ಸೋರಿಕೆಯಿಲ್ಲ. ಕೈ ಎಷ್ಟು ತೊಳೆದರೂ ಪೆಟ್ರೋಲ್ ವಾಸನೆ. ಅನ್ನ ಸೇರಲಿಲ್ಲ.

ಮಧ್ಯಾಹ್ನ ಪಕ್ಕದ ಗ್ಯಾರೇಜಿನವರು ಒಂದು ಕಾರು ತಳ್ಳಿಕೊಂಡು ಬಂದರು. ಟ್ಯಾಪೆಟ್ಟಿನ ಚಟ್ ಚಟ್ ಸದ್ದು, ಯಾವ ಸಿಲಿಂಡರಿನದು ಅಂತ ಹೇಳಬೇಕು. ಯಾವಾಗಲೂ ಮಾಡುವ ಹಾಗೆ ಉದ್ದ ಸ್ಕ್ರೂಡ್ರೈವರ್ ತೆಗೆದುಕೊಂಡೆ. ತುದಿ ಎಂಜಿನ್ ಮೇಲೆ, ಹಿಡಿ ಕಿವಿಗೆ. ಎಲ್ಲರೂ ಸುತ್ತ ನಿಂತು ಬಾಯಿ ಮುಚ್ಚಿದರು.

ಮೋಡದ ಗುಡುಗಿನಂಥದ್ದು ಮಾತ್ರ ಇತ್ತು. ಚಟ್ ಚಟ್ ಇರಲಿಲ್ಲ. ಬೆವರಿದೆ. ಕಡೆಗೆ ಬೆರಳಿಗೆ ಏನೋ ತಾಗಿದ ಹಾಗಾಯಿತು, ಎರಡನೆಯದು ಎಂದೆ. ಬಿಚ್ಚಿ ನೋಡಿದರು. ಎರಡನೆಯದೇ.

"ಕಿವಿ ಅಂದ್ರೆ ಇದು ಕಣೋ," ಎಂದ ಒಬ್ಬ. ಟೀ ತರಿಸಿದರು.

ಜನವರಿ 14, ಸಂಕ್ರಾಂತಿ

ಗ್ಯಾರೇಜ್ ರಜ. ಮಗಳು ಧನ್ಯ ಹೊಸ ಲಂಗ ಹಾಕಿಕೊಂಡು ಆರ್‌ಪಿಸಿ ಲೇಔಟೆಲ್ಲ ಎಳ್ಳು ಹಂಚಿ ಬಂದಳು. ಬಂದು ಹಿಂದೆ ನಿಂತು ಏನೋ ಹೇಳಿದಳು. ನಾನು ಕಬ್ಬು ಸಿಗಿಯುತ್ತ ತಲೆ ಆಡಿಸಿ ನಕ್ಕೆ. ಈಗೀಗ ಅದೇ ಅಭ್ಯಾಸ. ಯಾರು ಏನೇ ಹೇಳಲಿ ತಲೆ ಆಡಿಸುವುದು, ನಗುವುದು. ಮುಕ್ಕಾಲು ಪಾಲು ಸರಿಹೋಗುತ್ತದೆ.

ಅವಳು ಮುಂದೆ ಬಂದು ಮುಖ ನೋಡಿದಳು. ಒಂದು ತುಂಡು ಕಬ್ಬು ತೆಗೆದುಕೊಂಡು ಒಳಗೆ ಹೋದಳು.

ಜನವರಿ 18, ಶನಿವಾರ

ಬೆಳಕು ಹರಿಯುವ ಮುಂಚೆ ಕೆಂಗೇರಿ ದಾಟಿದೆವು. ನಾಗರಾಜು ಸ್ಟಿಯರಿಂಗ್ ಹಿಡಿದಿದ್ದ, ಪಕ್ಕದಲ್ಲಿ ಸುಬ್ರಮಣಿ ಲ್ಯಾಪ್‌ಟಾಪ್ ಸಮೇತ, ಹಿಂದೆ ನಾನು. ನನ್ನ ಹಳೆಯ ಸಾಮಾನು: ಎಂಜಿನ್ನಿಗೆ ಬೋಲ್ಟ್ ಮಾಡಿದ ತಾಮ್ರದ ಪೈಪ್, ಅದರಿಂದ ಒಳಗೆ ಎಳೆದ ರಬ್ಬರ್ ಟ್ಯೂಬ್, ಟ್ಯೂಬಿನ ತುದಿಗೆ ನಾನೇ ಮಾಡಿದ ಹೆಡ್‌ಫೋನ್. ನಾಕಿಂಗ್ ಆದರೆ ಡಬ್ಬಿಯಲ್ಲಿ ಸಣ್ಣ ಕಲ್ಲು ಅಲ್ಲಾಡಿಸಿದ ಹಾಗೆ ಕೇಳಬೇಕು. ಈ ಎಂಜಿನ್ನಿನ ಸೆನ್ಸರಿಗೆ ಟ್ಯಾಪೆಟ್ ಸದ್ದೂ ನಾಕಿಂಗೂ ಒಂದೇ. ಅದಕ್ಕೇ ಕೊನೆಯ ಮಾತು ಕಿವಿಯದು. ಆ ಹೆಡ್‌ಫೋನ್ ಬೇರೆ ಯಾರಿಗೂ ಕೊಟ್ಟವನಲ್ಲ.

ಸುಬ್ರಮಣಿ ಕಿಡಿಯ ಟೈಮಿಂಗ್ ಸ್ವಲ್ಪ ಸ್ವಲ್ಪ ಮುಂದೆ ತಳ್ಳುತ್ತ ಹೋದ. ತಳ್ಳಿದಷ್ಟೂ ಪವರ್, ತಳ್ಳಿದಷ್ಟೂ ಅಪಾಯ. ಪ್ರತಿ ಸಲ ತಿರುಗಿ ನನ್ನ ಮುಖ ನೋಡುತ್ತಿದ್ದ. ಪ್ರತಿ ಸಲ ಹೆಬ್ಬೆರಳು ಎತ್ತಿದೆ.

"ಕ್ಲೀನಾ ಅಣ್ಣ?"

"ಕ್ಲೀನ್."

ನಾಗರಾಜು ಕೇಕೆ ಹಾಕಿದ. ಕಾರು ನಿಜಕ್ಕೂ ಹಾರುತ್ತಿತ್ತು. ನನಗೂ ಒಂದು ಗಳಿಗೆ ಖುಷಿಯಾಯಿತು. ಸದ್ದು ಇಲ್ಲವೇನೋ, ನಿಜವಾಗಿಯೂ ಇಲ್ಲವೇನೋ ಎಂದುಕೊಂಡೆ.

ಜನವರಿ 20, ಸೋಮವಾರ

ಸುಬ್ರಮಣಿ ಬರುವ ಮುಂಚೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಮೂರು ಚೆನ್ನಾಗಿವೆ. ಮೂರನೇ ಸಿಲಿಂಡರಿನ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಬೆಳ್ಳಿ ಚುಕ್ಕೆ. ಕನ್ನಡಕ ಹಾಕಿಕೊಂಡು ಬಿಸಿಲಿಗೆ ಹಿಡಿದು ನೋಡಿದೆ. ಪಿಸ್ಟನ್ನಿನ ಅಲ್ಯೂಮಿನಿಯಂ. ಒಳಗೆ ನಾಕಿಂಗ್ ಆಗಿದೆ, ಜೋರಾಗಿಯೇ ಆಗಿದೆ. ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೂತಿದ್ದೆ ನಾನು.

ಬಟ್ಟೆಯಲ್ಲಿ ಒರೆಸಿದೆ. ವಾಪಸ್ ಹಾಕಿದೆ. ಯಾಕೆ ಒರೆಸಿದೆ?

ಜನವರಿ 21

ವಿಜಯನಗರದಲ್ಲಿ ಕಿವಿ ಡಾಕ್ಟರು. ಮನೆಗೆ ಹೇಳಲಿಲ್ಲ, ಸ್ಪೇರ್ ಪಾರ್ಟ್ಸ್ ಎಂದೆ. ಗಾಜಿನ ಡಬ್ಬಿಯೊಳಗೆ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಬಟನ್ ಒತ್ತಿ ಎಂದರು. ಒತ್ತಿದೆ, ಒತ್ತಿದೆ, ಆಮೇಲೆ ಸುಮ್ಮನೆ ಕಾಯುತ್ತ ಕುಳಿತೆ. ಗಾಜಿನಾಚೆ ಟೆಸ್ಟ್ ಮಾಡುವ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ದಪ್ಪ ಸದ್ದು ಕೇಳುತ್ತದಂತೆ. ಮಾತೂ ಮುಕ್ಕಾಲು ಪಾಲು. ಸಣ್ಣ ಸದ್ದು, ತೀಕ್ಷ್ಣ ಸದ್ದು ಹೋಗಿದೆ. ವಾಪಸ್ ಬರುವುದಿಲ್ಲ. "ಇಷ್ಟು ವರ್ಷ ಗ್ಯಾರೇಜಲ್ಲಿ ಏನಾದ್ರೂ ಕಿವಿಗೆ ಹಾಕ್ಕೋತಿದ್ರಾ?" ಎಂದು ಡಾಕ್ಟರು ಕೇಳಿದರು. ಕಿವಿ ಮುಚ್ಚಿಕೊಂಡರೆ ನಾನು ಇನ್ನೇನಕ್ಕೆ ಬೇಕು? ಕಿವಿಗೆ ಮಿಷನ್ ಹಾಕಿದರೆ ಮಾತು ಸುಧಾರಿಸುತ್ತದೆ, ನಿಮ್ಮ ಎಂಜಿನ್ ಸದ್ದಿಗೆ ಗ್ಯಾರಂಟಿ ಕೊಡಲಾರೆ ಎಂದರು.

ಹೊರಗೆ ಬಂದು ಮೆಟ್ರೋ ಕಂಬದ ಪಕ್ಕ ತುಂಬ ಹೊತ್ತು ನಿಂತೆ. ಅಳು ಬಂತು. ಬರೆಯಲು ನಾಚಿಕೆ, ಆದರೆ ಬಂತು.

ಜನವರಿ 22

ಸುಬ್ರಮಣಿ ಊಟಕ್ಕೆ ಹೋದಾಗ ಅವನ ಲ್ಯಾಪ್‌ಟಾಪ್ ಕಾರಿಗೆ ಜೋಡಿಸಿದೆ. ಅವನು ಒತ್ತುವುದನ್ನು ನೋಡಿ ನೋಡಿ ಅಷ್ಟು ಗೊತ್ತಿದೆ. ಟೈಮಿಂಗ್ ಹಿಂದೆ ತಂದೆ, ಪೆಟ್ರೋಲ್ ಹೆಚ್ಚಿಸಿದೆ. ಕಾರಿನ ಕಂಪ್ಯೂಟರಿಗೆ ಮಾತ್ರ ತುಂಬಿದೆ, ಅವನ ಫೈಲ್ ಮುಟ್ಟಲಿಲ್ಲ. ಕಾರು ಸಾಧುವಾಯಿತು. ಎಂಜಿನ್ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲು ಆಗಲಿಲ್ಲ.

ಜನವರಿ 25, ಶನಿವಾರ

ಗೊತ್ತಾಗಿಬಿಟ್ಟಿತು, ಆದರೆ ತಪ್ಪಾಗಿ. ಒಂದು ರೌಂಡ್ ಹೋಗಿ ಬಂದ ಸುಬ್ರಮಣಿಯ ಮುಖ ಸಣ್ಣಗಾಗಿತ್ತು. "ಅಣ್ಣ, ಗಾಡಿ ಎಳೀತಾನೇ ಇಲ್ಲ. ಅದರಲ್ಲಿ ಯಾವ್ದೋ ಸಾದಾ ಮ್ಯಾಪು ಕೂತಿದೆ. ನಾನೇ ಅವತ್ತು ಕೊನೇಲಿ ಏನೋ ಎಡವಟ್ಟು ಮಾಡಿರ್ಬೇಕು. ಸಾರಿ ಅಣ್ಣ. ಹದಿನೆಂಟನೇ ತಾರೀಖಿಂದು ನನ್ ಹತ್ರ ಇದೆ, ವಾಪಸ್ ತುಂಬಿದೀನಿ."

"ಸಾದಾದೇ ಇರ್ಲಿ ಬಿಡೋ," ಎಂದೆ.

"ಅಯ್ಯೋ, ನಾಗರಾಜು ಸುಮ್ನೆ ಬಿಡ್ತಾರಾ? ನೀವೇ ಕೇಳಿ ಕ್ಲೀನ್ ಅಂದಿದ್ದಲ್ವಾ?"

ಸ್ಪ್ಯಾನರ್ ಹಿಡಿದು ಇನ್ನೊಂದು ಗಾಡಿಯ ಕಡೆ ಹೋದೆ.

ಫೆಬ್ರವರಿ 2, ಭಾನುವಾರ

ಡೆಲಿವರಿ. ನಾಗರಾಜು ತಾಯಿ ವಿಮಲಮ್ಮನನ್ನೂ ಕರೆತಂದಿದ್ದ. ಆಯಮ್ಮ ಬಾನೆಟ್ಟಿಗೆ ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ನನ್ನ ಕೈಗೊಂದು ಬಾಳೆಹಣ್ಣು ಕೊಟ್ಟರು. "ನಿನ್ನ ಕೈಗುಣ ಚೆನ್ನಾಗೈತೆ ಮಾದೇವಪ್ಪ."

"ಸ್ವಲ್ಪ ದಿನ ಜೋರಾಗಿ ಒತ್ತಬೇಡ," ಎಂದು ನಾಗರಾಜುವಿಗೆ ಹೇಳಿದೆ.

"ಯಾಕಣ್ಣ, ಪ್ರಾಬ್ಲಮ್ಮಾ?"

"ಇಲ್ಲ... ಹೊಸ ಸಾಮಾನು, ಕೂತ್ಕೊಳ್ಳಲಿ ಅಂತ."

ಸುಬ್ರಮಣಿ ಫೋಟೋ ತೆಗೆದ. ಅವನ ಮೊದಲ ಪೂರ್ತಿ ಟರ್ಬೊ ಕೆಲಸ. ಫೋಟೋದಲ್ಲಿ ನಾನೂ ನಗುತ್ತಿದ್ದೇನೆ.

ಫೆಬ್ರವರಿ 16, ಭಾನುವಾರ

ಮಧ್ಯಾಹ್ನ ಫೋನ್. ಮೈಸೂರು ರಸ್ತೆಯಲ್ಲಿ ಕಾರು ನಿಂತಿದೆ, ಹಿಂದೆ ಬಿಳಿ ಹೊಗೆ. ಹೋಗಿ ನೋಡಿದೆ. ವಿಮಲಮ್ಮ ದೇವಸ್ಥಾನದ ಪ್ರಸಾದದ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಬಿಸಿಲಲ್ಲಿ ಫುಟ್‌ಪಾತ್ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು. "ಬಂದ್ಯಾ ಮಾದೇವಪ್ಪ. ಇನ್ನು ಯೋಚ್ನೆ ಇಲ್ಲ."

ಫೆಬ್ರವರಿ 17

ಎಂಜಿನ್ನಿನ ಹೆಡ್ ಬಿಚ್ಚಿದೆವು. ಮೂರನೇ ಪಿಸ್ಟನ್ನಿನ ಅಂಚು ಕರಗಿಹೋಗಿದೆ. ಇಲಿ ಕಡಿದ ರೊಟ್ಟಿಯ ಹಾಗೆ. ನಾಗರಾಜು ಸುಬ್ರಮಣಿಯ ಮೇಲೆ ಹರಿಹಾಯ್ದ. "ಅಣ್ಣ ಕೇಳಿ ಓಕೆ ಅಂದಿದ್ರು. ಆಮೇಲೆ ಏನು ಒತ್ತಿದೆ ನೀನು? ನಮ್ಮಮ್ಮ ಕೂತಿದ್ರು ಗುರು ಗಾಡೀಲಿ!"

ನಾಗರಾಜು ಹೋದ ಮೇಲೆ ಸುಬ್ರಮಣಿ ನನ್ನ ಹತ್ತಿರ ಬಂದ. "ಅವತ್ತು ರೋಡಲ್ಲಿ ಕೊನೇಲಿ ಇದ್ದಿದ್ದೇ ಸಾದಾ ಮ್ಯಾಪು ಅಣ್ಣ. ನೀವು ಕೇಳಿದ್ದು ಅದನ್ನ. ನಾನು ಆಮೇಲೆ ನಿಮಗೆ ಕೇಳಿಸ್ದೇ ಇನ್ನೊಂದು ತುಂಬಿ ಕೊಟ್ಬಿಟ್ಟೆ. ನನ್ ತಪ್ಪೇ ಅಲ್ವಾ?"

ಎಲ್ಲ ಮಾತೂ ಸ್ಪಷ್ಟವಾಗಿ ಕೇಳಿತು. ಒಂದಕ್ಷರ ಬಿಡದೆ. ತಲೆ ಆಡಿಸಿದೆ.

ಆ ಕ್ಷಣ ಮೈ ಹಗುರಾಯಿತು. ಅದೇ ಈಗ ಹೇಸಿಗೆ.

ಫೆಬ್ರವರಿ 24, ಸೋಮವಾರ

ಒಂದು ವಾರದಿಂದ ಸುಬ್ರಮಣಿ ಬಂದಿಲ್ಲ. ಅತ್ತಿಗುಪ್ಪೆಗೆ ಹೋಗಿದ್ದೆ, ಅವನ ಮನೆಗೆ. ಯಾವುದೋ ಶೋರೂಮಿನಲ್ಲಿ ಕೆಲಸ ನೋಡಿಕೊಂಡಿದ್ದಾನೆ, ಸರ್ವಿಸಿಗೆ ಬಂದವರ ಹೆಸರು ಬರೆದುಕೊಳ್ಳುವುದು. ಲ್ಯಾಪ್‌ಟಾಪ್ ಮಾರುತ್ತಾನಂತೆ. "ನಂಗಿದು ಕೈ ಹತ್ತಲ್ಲ ಅಣ್ಣ. ಇನ್ನೊಬ್ಬರ ಗಾಡಿ ಮುಟ್ಟೋಕೆ ಭಯ ಆಗುತ್ತೆ."

ಅವನಂಥ ಕೈ ನಾನು ಇನ್ನೊಂದು ನೋಡಿಲ್ಲ. ಇದನ್ನಾದರೂ ಹೇಳಬಹುದಿತ್ತು. ಅವನ ಹೆಂಡತಿ ಕಾಫಿ ಕೊಟ್ಟಳು, ಕುಡಿದು ಬಂದೆ.

ಸಂಜೆ ಧನ್ಯ ಬಂದು ಕುಳಿತಳು, ಎದುರಿಗೆ, ಮುಖ ಕಾಣುವ ಹಾಗೆ. "ಅಪ್ಪ, ನಿಂಗೆ ಕಿವಿ ಸರಿಯಾಗಿ ಕೇಳಲ್ಲ ಅಲ್ವಾ?"

"ಯಾರೇ ಹೇಳಿದ್ದು?"

"ಹಬ್ಬದ ದಿನ ಹಿಂದೆ ನಿಂತ್ಕೊಂಡು ನಾನು ಫೇಲ್ ಆಗಿದೀನಿ ಅಂದೆ. ನೀನು ನಕ್ಕೆ."

"ಫೇಲಾ?"

"ಇಲ್ಲಪ್ಪ. ಸುಮ್ನೆ ಅಂದೆ, ನೋಡೋಣ ಅಂತ. ಅಮ್ಮಂಗೆ ಹೇಳಿಲ್ಲ. ನೀನೇ ಹೇಳು."

ಹದಿನೈದು ವರ್ಷದ ಹುಡುಗಿ, ಒಂದು ತಿಂಗಳಿಗೂ ಹೆಚ್ಚು ಒಳಗೇ ಇಟ್ಟುಕೊಂಡಿದ್ದಳು.

ಮಾರ್ಚ್ 12, ಬುಧವಾರ

ವರಲಕ್ಷ್ಮಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಸ್ಟೌ ಆರಿಸಿ ಕುಳಿತಳು. "ಆ ಸುಬ್ರಮಣಿಗೆ ಹೇಳಿದ್ರಾ?" ಅಷ್ಟೇ ಕೇಳಿದ್ದು.

ಎಂಜಿನ್ ಸಿದ್ಧವಾಗಿದೆ. ಹೊಸ ಪಿಸ್ಟನ್, ಹೊಸ ಗ್ಯಾಸ್ಕೆಟ್, ಎಲ್ಲ ನನ್ನ ಖರ್ಚು. ಸುಬ್ರಮಣಿಗೆ ಫೋನ್ ಮಾಡಿದೆ, ಲ್ಯಾಪ್‌ಟಾಪ್ ಮಾರುವ ಮುಂಚೆ ಒಂದು ಸಲ ಬಾ ಎಂದು. ಬೇಡ ಅಣ್ಣ ಎಂದ. ಇನ್ನೊಮ್ಮೆ ಕೇಳಿದೆ. ಭಾನುವಾರ ಬರುತ್ತಾನಂತೆ.

ಮಾರ್ಚ್ 16, ಭಾನುವಾರ. ಬೆಳಿಗ್ಗೆ ಎಂಟೂವರೆ

ಕಾರಿನೊಳಗೇ ಕುಳಿತು ಬರೆಯುತ್ತಿದ್ದೇನೆ. ಕೆಂಗೇರಿ ದಾಟಿ, ಸರ್ವಿಸ್ ರಸ್ತೆ. ಸುಬ್ರಮಣಿ ಸ್ವಲ್ಪ ದೂರದಲ್ಲಿ ಹೊಂಗೆ ಮರದ ಕೆಳಗೆ ನಿಂತಿದ್ದಾನೆ, ಬೆನ್ನು ಈ ಕಡೆಗೆ.

ಇವತ್ತು ನಾನು ಓಡಿಸ್ತೀನಿ, ನೀನು ಹಾಕ್ಕೋ ಎಂದು ಹೆಡ್‌ಫೋನ್ ಅವನ ಕೈಗೆ ಕೊಟ್ಟೆ. "ಅದು ನಿಮ್ದು ಅಣ್ಣ," ಎಂದು ಹಿಂದೆ ಸರಿದ. ಬಲವಂತ ಮಾಡಿದೆ.

"ಯಾವ ಮ್ಯಾಪ್ ತುಂಬ್ಲಿ?"

"ಹದಿನೆಂಟನೇ ತಾರೀಖಿಂದು."

"ಅದು ಬೇಡ ಅಣ್ಣ, ಮತ್ತೆ..."

"ತುಂಬು. ಸದ್ದು ಬಂದ ತಕ್ಷಣ ಕೈ ಎತ್ತು, ಬಿಟ್ಬಿಡ್ತೀನಿ."

ನಾಲ್ಕನೇ ಗೇರಿನಲ್ಲಿ ಒತ್ತಿದೆ. ಟರ್ಬೊ ಎಳೆಯಿತು. ನನಗೆ ಅದೇ ಗುಡುಗು, ಅದೇ ಮೋಡ. ಅವನು ಮಾತ್ರ ಬೆಚ್ಚಿಬಿದ್ದು ಎರಡೂ ಕೈ ಎತ್ತಿದ. "ಬಿಡಿ, ಬಿಡಿ ಅಣ್ಣ!" ಕಾಲು ತೆಗೆದೆ. ಪಕ್ಕಕ್ಕೆ ನಿಲ್ಲಿಸಿದೆ.

ಹೆಡ್‌ಫೋನ್ ತೆಗೆದ. "ಇಷ್ಟು ಜೋರಾಗಿ ಬರುತ್ತಾ ಅಣ್ಣ? ಇದು ಯಾರಿಗಾದ್ರೂ ಕೇಳ್ಸುತ್ತಲ್ಲ!"

"ಅವತ್ತು ರೋಡಲ್ಲಿ ಗಾಡೀಲಿ ಇದ್ದಿದ್ದು ಇದೇ ಮ್ಯಾಪು ಕಣೋ. ಸಾದಾ ಮ್ಯಾಪು ಆಮೇಲೆ ನಾನು ತುಂಬಿದ್ದು, ನೀನು ಊಟಕ್ಕೆ ಹೋದಾಗ. ನಿಂದೇನೂ ತಪ್ಪಿಲ್ಲ."

ಅವನು ನನ್ನ ಮುಖ ನೋಡಲಿಲ್ಲ. ನನ್ನ ಕಿವಿ ನೋಡಿದ. ಒಂದು ಕಿವಿ, ಆಮೇಲೆ ತಲೆ ಬಗ್ಗಿಸಿ ಇನ್ನೊಂದು. ಹೆಡ್‌ಫೋನ್ ಸೀಟಿನ ಮೇಲೆ ಮೆಲ್ಲಗೆ ಇಟ್ಟು ಇಳಿದುಹೋದ. ಅದರ ಮೇಲೆ ಕೈ ಇಟ್ಟೆ. ಇನ್ನೂ ಬೆಚ್ಚಗಿದೆ.

ಈಗ ತಿರುಗಿದ. ಈ ಕಡೆಗೇ ಬರುತ್ತಿದ್ದಾನೆ. ನಡೆಯುತ್ತಲೇ ಏನೋ ಹೇಳುತ್ತಿದ್ದಾನೆ, ತುಟಿ ಆಡುತ್ತಿದೆ. ಗಾಜು ಇಳಿಸಿದೆ. ಪಕ್ಕದಲ್ಲಿ ಲಾರಿಗಳು. ಬೈಗುಳವೋ ಏನೋ, ತಿಳಿಯುತ್ತಿಲ್ಲ. ಈ ಸಲ ತಲೆ ಆಡಿಸುವುದಿಲ್ಲ. ಕೇಳಿಸಲಿಲ್ಲ ಕಣೋ, ಇನ್ನೊಂದು ಸಲ ಹೇಳು ಎಂದು—