ಕನ್ನಡಿ ಹಿಡಿದವಳು

ಹೊಳಲ್ಕೆರೆ,
ಮಾರ್ಚ್ ೧೯೭೬, ಭಾನುವಾರ

ಕಾಳಕ್ಕ,

ನೀನು ತೀರಿಕೊಂಡೆಯೆಂದು ನಮ್ಮೂರು ಹರಿಯಬ್ಬೆಯಿಂದ ಕಾಗದ ಬಂದು ಎರಡು ವರ್ಷವಾಯಿತು. ಆದರೂ ಇವತ್ತಿನದನ್ನು ನಿನಗೇ ಬರೆಯಬೇಕು.

ಮಕ್ಕಳಿಗೆ, ಚಿಕ್ಕವರಿದ್ದಾಗ ನಾವು ಆಡುತ್ತಿದ್ದ ಸಿನಿಮಾ ಮಾಡಿ ತೋರಿಸಿದೆ. ಮುಚ್ಚಿದ ಕಿಟಕಿಯ ತೂತಿಗೆ ಟೆಂಟ್ ಸಿನಿಮಾದವರು ಬಿಸಾಡಿದ ಫಿಲಂ ಚೂರು, ಅದರ ಒಳಬದಿಗೆ ನೀರು ತುಂಬಿದ ಹಳೆಯ ಬಲ್ಬು, ಎದುರು ಗೋಡೆಗೆ ನಮ್ಮವರ ಬಿಳಿ ಪಂಚೆ. ಟಿಕೇಟು ಆಗಿನಂತೆಯೇ ಒಂದು ಹಿಡಿ ಮಂಡಕ್ಕಿ. ಎಲ್ಲರದನ್ನೂ ಮೊರಕ್ಕೆ ಸುರಿದು ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿಕೊಟ್ಟೆ.

ಹೊರಗೆ ನಿಂತು ಕನ್ನಡಿಯಿಂದ ಬಿಸಿಲನ್ನು ತೂತಿಗೆ ಬಿಡಲು ಯಾವ ಮಗುವೂ ಒಪ್ಪಲಿಲ್ಲ. ನಾನೇ ನಿಂತೆ. ಕೈ ಸ್ವಲ್ಪ ಅಲುಗಿದರೂ ಒಳಗಿನಿಂದ ಬೈಗುಳ. ಅವರು ನಗುವುದು ಕೇಳುತ್ತದೆ, ಚಿತ್ರ ಕಾಣುವುದಿಲ್ಲ.

"ನಿನ್ ಕೈ ಅಲುಗಲ್ಲ ಕಣೇ, ನೀನೇ ಹಿಡ್ಕ" ಎಂದು ಪ್ರತಿ ಭಾನುವಾರ ನಿನಗೆ ಹೇಳುತ್ತಿದ್ದವಳು ನಾನು.

"ಒಂದ್ಸಲ ನಾನೂ ಒಳಗ್ ಕುಂತ್ಕಂತೀನಿ" ಎಂದು ನೀನು ಒಮ್ಮೆ ಕೇಳಿದ್ದೆ.

"ಮುಂದಿನ ವಾರ ನೋಡಾಣ" ಎಂದಿದ್ದೆ ನಾನು. ನೀನು ಮತ್ತೆ ಕೇಳಲಿಲ್ಲ.

ಇವತ್ತು ಆಟದ ನಡುವೆ ಮಗಳು ಎದ್ದು ಬಂದಳು. "ಅವ್ವಾ, ನೀನೂ ನೋಡೋಗು, ನಾನ್ ಹಿಡ್ಕಂತೀನಿ" ಎಂದಳು.

"ನಾನು ಎಲ್ಲಾ ನೋಡೀನಿ, ಹೋಗು" ಎಂದೆ. ಕನ್ನಡಿ ಕೊಡಲಿಲ್ಲ.

ಚಂದ್ರಕ್ಕ