ಬಿರುಗಾಳಿ ಕಂಡ ಉಪ್ಪು

ಸೋಫಿಯಾ
ಮಾರ್ಚ್ ೯

ಪ್ರೀತಿಯ ರುಮ್ಯಾನಾ,

ಹೇಗಿದ್ದೀ? ವಾರ್ನಾದಲ್ಲಿ ಸಮುದ್ರದ ಗಾಳಿ ಇನ್ನೂ ಕೊರೆಯುತ್ತಿದೆಯೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಬಿಡು. ನೆವೆನಾ ಹುಟ್ಟಿದಾಗಿನಿಂದ ನನಗೆ ನಿದ್ದೆಯೆಂಬುದಿಲ್ಲ. ಅವಳು ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಬಳಿ ಬೆರಳಿಡುತ್ತೇನೆ. ಈಗ ಅದಕ್ಕೆ ಇನ್ನೊಂದು ಕಾರಣವೂ ಸೇರಿದೆ.

ಕಾಲೇಜಿನಲ್ಲಿ ಇಬ್ಬರೂ ಖನಿಜಶಾಸ್ತ್ರ ಓದಿದೆವು. ನೀನು ಬಂದರಿನ ಕಚೇರಿ ಸೇರಿದೆ. ನಾನು ಓಗ್ನ್ಯಾನ್‌ನ ಪ್ರಯೋಗಾಲಯ ಸೇರಿ ಅವನನ್ನೇ ಮದುವೆಯಾದೆ. "ಅಲ್ಲಿ ಅದೇನು ಮಾಡ್ತೀಯೇ?" ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಮಂಗಳ ಗ್ರಹದ ಧೂಳಿನ ಬಿರುಗಾಳಿಯನ್ನು ಗಾಜಿನ ಕೊಳವೆಯೊಳಗೆ ಎಬ್ಬಿಸುತ್ತೇವೆ. ಅಲ್ಲಿನ ತೆಳುಗಾಳಿಯಲ್ಲಿ ಧೂಳಿನ ಕಣಗಳು ಒಂದನ್ನೊಂದು ಉಜ್ಜಿ ವಿದ್ಯುತ್ತು ಹುಟ್ಟುತ್ತದೆ. ಮಿಂಚಲ್ಲ, ಮಸುಕು ನೇರಳೆ ಬೆಳಕು. ಅಷ್ಟಕ್ಕೇ ನೆಲದ ಸಾದಾ ಉಪ್ಪು ಆಮ್ಲಜನಕವನ್ನು ಮೈಗೂಡಿಸಿಕೊಂಡು ಪರ್ಕ್ಲೋರೇಟ್ ಎಂಬ ಬೇರೆಯೇ ಉಪ್ಪಾಗುತ್ತದೆ. ತೊಳೆಯಲು ಮಳೆಯಿಲ್ಲದ ನೆಲ. ಯುಗಯುಗದಿಂದ ಕೂಡುತ್ತಲೇ ಇದೆ. ನೋಡಲು ಅದೇ ಬಿಳಿ, ಅದೇ ಹರಳು. ಮೈಯೊಳಗೆ ಹೋದರೆ ಮಾತ್ರ ಗಂಟಲಿನ ಗ್ರಂಥಿಗೆ ಅಯೋಡಿನ್ ಸೇರಗೊಡುವುದಿಲ್ಲ. ಎಳೆಗೂಸಿನ ಮಿದುಳು ಬೆಳೆಯಲು ಬೇಕಾದದ್ದು ಅದೇ ಅಯೋಡಿನ್.

ಬಸುರಿಯಾಗಿ ಏಳು ತಿಂಗಳು ತುಂಬುವವರೆಗೂ ನಾನು ಆ ಕೊಳವೆಯ ಮುಂದೆ ನಿಂತಿದ್ದೆ, ಕೈಗವಸು, ಮುಖಗವಸು ಹಾಕಿಕೊಂಡು. ಕೊನೆಗೆ ಒಂದು ಸಣ್ಣ ಸೀಸೆಯಷ್ಟು ಉಪ್ಪು ಸಿಕ್ಕಿತು. ನಮ್ಮಲ್ಲಿ ಸೀಸೆ ಕೊಳ್ಳುವ ಪದ್ಧತಿಯಿಲ್ಲ. ಮನೆಯಲ್ಲಿ ಖಾಲಿಯಾದ ಜಾಮ್ ಸೀಸೆಗಳನ್ನು ತೊಳೆದು ತಂದು, ಒಳಗೇನಿದೆ, ಮಾಡಿದವರು ಯಾರು ಎಂದು ಚೀಟಿ ಅಂಟಿಸುತ್ತೇವೆ. ಇದರ ಮೇಲೆ "ಉಪ್ಪು, ಬಿಲ್ಯಾನಾ" ಎಂದಿತ್ತು. ಚಳಿಗಾಲದಲ್ಲಿ ಪ್ರಯೋಗಾಲಯ ಬೆಚ್ಚಗಿಡುವ ಯಂತ್ರ ಕೆಟ್ಟಿತು. ಆ ಉಪ್ಪು ತೇವ ಕುಡಿಯುವಂಥದ್ದು. ಓಗ್ನ್ಯಾನ್ ಅದನ್ನು ಮನೆಗೆ ತಂದು ಒಲೆಯ ಮೇಲಿನ ಗೂಡಿನಲ್ಲಿಟ್ಟ. ನನಗೆ ಹೇಳಲಿಲ್ಲ.

ಬಾಣಂತನಕ್ಕೆಂದು ವ್ರಾತ್ಸಾದಿಂದ ಅತ್ತೆ ಬಂದಿದ್ದಾರೆ. ಬಂದ ದಿನದಿಂದ ಒಂದೇ ಹಟ: "ಕೂಸಿಗೆ ಉಪ್ಪು ಉಜ್ಜಬೇಕು ಕಣೇ. ಇಲ್ದಿದ್ರೆ ದೊಡ್ಡವಳಾದ್ಮೇಲೆ ಬೆವರು ನಾರುತ್ತೆ."

"ಚರ್ಮ ಸುಡುತ್ತೆ, ಬೇಡ ಅತ್ತೆ."

"ನಿನ್ ಗಂಡನ್ನೂ ಉಜ್ಜಿದ್ದೆ. ಬೇಕಾದ್ರೆ ಮೂಸಿ ನೋಡು ಹೋಗು!"

ಗುರುವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನೆವೆನಾ ಮೇಜಿನ ಮೇಲೆ ಬೆತ್ತಲೆ ಮಲಗಿದ್ದಳು. ಮಣಿಕಟ್ಟಿನಲ್ಲಿ ಮಾರ್ಚ್ ಬಂತೆಂದು ಒಳಿತಿಗಾಗಿ ಕಟ್ಟುವ ಕೆಂಪು-ಬಿಳಿ ದಾರ, ಕತ್ತಿನ ಮಡಿಕೆಯಲ್ಲಿ, ಕಂಕುಳಲ್ಲಿ ಬಿಳಿ ಹರಳು. ಪಕ್ಕದಲ್ಲಿ ನನ್ನ ಹೆಸರಿನ ಸೀಸೆ.

ನಾನು ಕಿರುಚಿದೆ. ಅತ್ತೆ ಕಕ್ಕಾಬಿಕ್ಕಿಯಾದರು. "ನೀನೇ ತೆಗೆದಿಟ್ಟಿದ್ದೆಯಲ್ಲ ಮಗಳೇ! ನಿನ್ ಹೆಸರೇ ಇದೆ. ಬಾಯಲ್ಲಿ ಬೇಡ ಅಂದ್ರೂ ನಿನ್ ಮನಸ್ಸು ಕರಗ್ತು ಅಂದ್ಕೊಂಡೆ. ಅಂಗಡಿ ಉಪ್ಪಲ್ಲಿ ಅದೇನೋ ಅಯೋಡಿನ್ ಬೆರೆಸ್ತಾರಂತೆ. ಎಳೇ ಕೂಸಿಗೆ ಅದ್ಯಾಕೆ ಅಂತ…"

ಅಳಬೇಕೋ ನಗಬೇಕೋ, ನೀನೇ ಹೇಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸಮಾಧಾನವಾಗಿಯೇ ಮಾತಾಡಿದರು. "ಬೇಗ ತೊಳೆದಿದ್ದೀರಿ, ಒಳ್ಳೇದಾಯ್ತು. ಚರ್ಮದಿಂದ ಒಳಗೆ ಹೋಗೋದು ತೀರಾ ಕಡಿಮೆ. ಕೈ ಬಾಯಿಗೆ ಹಾಕ್ಕೊಂಡಳಾ?" ನನಗೆ ಗೊತ್ತಿರಲಿಲ್ಲ. ಇಡೀ ದಿನ ಮುಷ್ಟಿ ಚೀಪುವ ಮಗು ಅವಳು. ರಕ್ತದ ಮೊದಲ ವರದಿ ಚೆನ್ನಾಗಿದೆ. ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕಂತೆ. ಅಲ್ಲಿಯವರೆಗೆ ಅವಳು ಆಕಳಿಸಿದರೂ ನನಗೆ ಭಯ.

ಅತ್ತೆ ಅಡುಗೆಮನೆಯಲ್ಲಿ ಕೂತು ಅಳುತ್ತಾರೆ. ಮಗನನ್ನು ನೇರವಾಗಿಯೇ ಕೇಳಿದರು: "ಇಂಥದ್ದನ್ನ ಒಲೆ ಮೇಲೆ ಇಡೋನು ಎಂಥಾ ವಿದ್ವಾಂಸನೋ ನೀನು?" ನನಗೆ ಅತ್ತೆಯ ಮೇಲೆ ಸಿಟ್ಟು ಬರುತ್ತಿಲ್ಲ. ಈ ಮನೆಯಲ್ಲಿ ಮಗುವಿಗೋಸ್ಕರ ಏನಾದರೂ ಮಾಡಿದವರು ಅವರೊಬ್ಬರೇ, ಮಾಡಿದ್ದು ತಪ್ಪಾದರೂ.

ನಿನ್ನ ಅಮ್ಮನ ಮೊಣಕಾಲು ನೋವು ಈ ವಸಂತದಲ್ಲಾದರೂ ಬಿಡಲಿ. ನಿನ್ನ ಮನೆ ಬೆಚ್ಚಗಿರಲಿ, ನಿನಗೆ ಕಣ್ತುಂಬ ನಿದ್ದೆ ಬರಲಿ.

ನಿನ್ನ
ಬಿಲ್ಯಾನಾ

ಮರೆತು ಬಿಟ್ಟಿದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಅಂದು ನೆವೆನಾಳನ್ನು ನಲ್ಲಿಯ ಕೆಳಗೆ ಹಿಡಿದುಕೊಂಡೇ ಓಗ್ನ್ಯಾನ್‌ಗೆ ಫೋನ್ ಮಾಡಿದೆ. ಅವಳ ಅಳು ಅವನಿಗೆ ಕೇಳಿಸುತ್ತಿತ್ತು. ನಡೆದದ್ದೆಲ್ಲ ಹೇಳಿದೆ. ಅವನು ಕೇಳಿದ್ದು ಇಷ್ಟೇ: "ಸೀಸೇಲಿ ಎಷ್ಟು ಉಳಿದಿದೆ?" ಅರ್ಧ ಉಳಿದಿತ್ತು, ರುಮಿ. "ಏನೂ ಇಲ್ಲ" ಎಂದೆ. ಹಾಗೆಂದು, ನನ್ನ ಅಷ್ಟೂ ತಿಂಗಳ ಬಿರುಗಾಳಿಯನ್ನು ಬಚ್ಚಲಿಗೆ ಸುರಿದೆ. ಸಂಜೆ ಖಾಲಿ ಸೀಸೆಯನ್ನು ಕೈಯಲ್ಲಿ ಹಿಡಿದು ಕೂತವನ ಕಣ್ಣಲ್ಲಿ ನೀರಿತ್ತು. ಮಧ್ಯಾಹ್ನ ಆಸ್ಪತ್ರೆಯಲ್ಲಿ ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚುವಾಗ ಅವನು ಗಡಿಯಾರ ನೋಡುತ್ತಿದ್ದ.