ತಮ್ಮ ಬರೆದ ಆರು ಸಾಲು

ಪಾಸಿರ್ ರಿಸ್, ಸಿಂಗಾಪುರ
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ತಮ್ಮ ಸುಧೀರನಿಗೆ,

ಹೇಗಿದ್ದೀ? ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಊರಿಗೆಲ್ಲ ಮಾತ್ರೆ ಬರೆಯುವವನು ನಿನ್ನದನ್ನು ಮಾತ್ರ ಮರೆಯುತ್ತೀ. ಮಧ್ಯಾಹ್ನ ಮನೆಗೆ ಬಂದು ಉಣ್ಣುತ್ತೀಯೋ, ಆಸ್ಪತ್ರೆಯ ಕುರ್ಚಿಯಲ್ಲೇ ಎರಡು ಬಿಸ್ಕತ್ತು ತಿಂದು ಮುಗಿಸುತ್ತೀಯೋ? ನನ್ನ ಫೋನು ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಎರಡು ನೀಲಿ ಗೀಟು ಬೀಳುತ್ತವೆ, ಉತ್ತರ ಬರುವುದಿಲ್ಲ. ಅದಕ್ಕೇ ಈ ಕಾಗದ. ಮೂವತ್ತು ವರ್ಷ ತಾಲೂಕು ಗ್ರಂಥಾಲಯದಲ್ಲಿ ಕೂತಿದ್ದವಳು ನಾನು. ಕೈಗೆ ಬಂದ ಕಾಗದವನ್ನು ಓದದೆ ಬಿಡುವವರು ಬಹಳ ಕಡಿಮೆ ಎಂದು ನನಗೆ ಗೊತ್ತು.

ನಾನು ಚೆನ್ನಾಗಿದ್ದೇನೆ. ಬರೀ ಇಷ್ಟು ಬರೆದರೆ ನೀನು ನಂಬುವವನಲ್ಲ, ಹಾಗಾಗಿ ವಿವರವಾಗಿಯೇ ಹೇಳುತ್ತೇನೆ. ನವೆಂಬರಿನಲ್ಲಿ ಊರಿನಿಂದ ಬಂದ ಮೇಲೆ ಎಂಟು ವಾರ, ಹೊಟ್ಟೆಯಿಂದ ನಳಿಕೆಯಲ್ಲಿ ಪಿತ್ತ ಇಳಿಯುವ ಆ ಚೀಲ ಸೊಂಟದ ಬಳಿ ತೂಗುತ್ತಲೇ ಇತ್ತು. ಬಸಳೆ ಬೇಯಿಸಿದ ನೀರಿನ ಬಣ್ಣ. ಯಶ್ಮಿತಾ ಅದಕ್ಕೊಂದು ಹೂವಿನ ಬಟ್ಟೆಯ ಚೀಲ ಹೊಲಿದುಕೊಟ್ಟಿದ್ದಳು, ಮಗಳಲ್ಲವೇ. ಅದನ್ನು ಹಾಕಿಕೊಂಡು ದಿನಾ ಸಂಜೆ ಕಡಲ ದಂಡೆಯಲ್ಲಿ ನಡೆಯುತ್ತಿದ್ದೆ. ಒಳಗಿನ ಬಾವು ಪೂರ್ತಿ ಇಳಿಯದೆ ಸೂಜಿ ಮುಟ್ಟಿಸುವುದಿಲ್ಲ ಎಂದು ಇಲ್ಲಿಯ ಡಾಕ್ಟರು ಹಟ ಹಿಡಿದಿದ್ದರು. ಲಿಮ್ ಎಂದು ಅವರ ಹೆಸರು, ನಿನಗಿಂತ ಚಿಕ್ಕವರು, ಹೆಂಗಸು. ಕೊನೆಗೆ ಜನವರಿ ಹದಿನೈದಕ್ಕೆ ಕರೆದರು. ಆಪರೇಷನ್ನಿಗೆ ಆರು ಗಂಟೆ ಹಿಡಿಯಿತಂತೆ.

ಏನು ಮಾಡಿದರು ಎಂದು ನಿನಗೆ ಹೇಳುವುದು ಅಧಿಕಪ್ರಸಂಗವೇ, ಆದರೂ ಹೇಳುತ್ತೇನೆ. ಲಿಮ್ ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಸಣ್ಣ ಕರುಳನ್ನು ಒಂದು ಕಡೆ ಕತ್ತರಿಸಿ, ಅದರ ಕೆಳಗಿನ ತುಂಡಿನ ತುದಿಯನ್ನು ಮುಚ್ಚಿ ಯಕೃತ್ತಿನವರೆಗೆ ಎತ್ತಿ ತರುವುದು. ಮೇಲಿನ ತುಂಡನ್ನು ಮೊಳದಷ್ಟು ಕೆಳಗೆ ಅದರ ಪಕ್ಕಕ್ಕೆ ಸೇರಿಸುವುದು, ತಿಂದ ಅನ್ನ ಪಿತ್ತನಾಳದ ಕಡೆ ಏರಿ ಬರಬಾರದಲ್ಲ. ಒಟ್ಟು ನೋಡಿದರೆ ಇಂಗ್ಲಿಷಿನ ವೈ ಅಕ್ಷರ. ಆಮೇಲೆ ಎತ್ತಿ ತಂದ ಕರುಳಿನಲ್ಲಿ ಸಣ್ಣದೊಂದು ಬಾಯಿ ಮಾಡಿ ಪಿತ್ತನಾಳದ ಬಾಯಿಗೆ ಕೂಡಿಸಿ ಹೊಲಿಯುವುದು. ನನ್ನ ನಾಳ ಪೆನ್ನಿನ ರೀಫಿಲ್ಲಿನಷ್ಟೇ ದಪ್ಪವಂತೆ. ಹಾಗೆಯೇ ಹೊಲಿದರೆ ಕೆಲವು ವರ್ಷದಲ್ಲಿ ಕಟ್ಟಿಕೊಂಡುಬಿಡುತ್ತದೆ ಎಂದು ಎಡಗಡೆಯ ನಾಳದ ಉದ್ದಕ್ಕೆ ಸೀಳಿ ಬಾಯಿ ಅಗಲ ಮಾಡಿದರು. ಒಳಪದರಕ್ಕೆ ಒಳಪದರ ತಾಗಬೇಕು, ಎಲ್ಲಿಯೂ ಎಳೆತ ಇರಬಾರದು, ಎರಡೂ ಅಂಚಿಗೆ ರಕ್ತ ಬರುತ್ತಿರಬೇಕು. ನೂಲು ಕೂದಲಿಗಿಂತ ಸಪೂರ. ನಾನು ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರೆ, ಪಕ್ಕದಲ್ಲಿದ್ದ ಮೊಮ್ಮಗಳು ಅದ್ವಿಕಾ ಚಿತ್ರ ನೋಡಿ, "ಅಜ್ಜಿ, ಪ್ಲಂಬಿಂಗ್ ಲಾ!" ಎಂದಳು, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು ಲಾ ಸೇರಿಸಿ. ಲಿಮ್ ಎಷ್ಟು ನಕ್ಕರೆಂದರೆ ಹೊರಗಿದ್ದ ನರ್ಸ್ ಬಾಗಿಲು ತೆರೆದು ನೋಡಿದಳು. ಈಗ ಕಣ್ಣಿನ ಹಳದಿ ಹೋಗಿದೆ, ಮೈ ತುರಿಕೆ ನಿಂತಿದೆ, ಮೊನ್ನೆ ಒಂದು ನೀರುದೋಸೆಗೆ ಇನ್ನೊಂದು ಕೇಳಿ ತಿಂದೆ. ರಕ್ತಪರೀಕ್ಷೆಯ ವರದಿ ಜೊತೆಗಿಟ್ಟಿದ್ದೇನೆ. ನನ್ನ ಮಾತಿಗಿಂತ ಅದನ್ನು ನಂಬು.

ಇನ್ನು ಜಗಳಕ್ಕೆ ಬರುತ್ತೇನೆ. ನಿನ್ನ ಹೆಂಡತಿ ವಿದ್ಯಾಶ್ರೀ ಫೋನು ಮಾಡಿದ್ದಳು. ಮೂರು ತಿಂಗಳಿನಿಂದ ನೀನು ಆಪರೇಷನ್ ಥಿಯೇಟರಿನ ಬಾಗಿಲು ತೆಗೆದಿಲ್ಲವಂತೆ. ಶೀತ, ಕೆಮ್ಮು, ಜ್ವರ ನೋಡಿಕೊಂಡು ಕೂತಿದ್ದೀಯಂತೆ. ಹರ್ನಿಯಾ ಬಂದರೂ ಮಂಗಳೂರಿಗೆ ಬರೆದುಕೊಡುತ್ತೀಯಂತೆ. "ಅತ್ತಿಗೆ, ಇವರು ಊಟ ಮಾಡುವಾಗಲೂ ಕೈಯನ್ನೇ ನೋಡಿಕೊಳ್ತಾರೆ ಮಾರಾಯ್ತಿ" ಎಂದು ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇನ್ನೂ ಇಳಿದಿಲ್ಲ.

ನೀನು ಆಗ ಎಂಟು ವರ್ಷದವನು, ನಿನಗೆ ಅಷ್ಟು ನೆನಪಿರಲಿಕ್ಕಿಲ್ಲ. ನನಗೆ ಹದಿನಾರು. ಎಪ್ಪತ್ತೆಂಟರಲ್ಲಿ ಅಪ್ಪನಿಗೆ ಹೊಟ್ಟೆಯ ಆಪರೇಷನ್ ಆಯಿತಲ್ಲ, ಮೂರನೆಯ ದಿನ ಹೊಟ್ಟೆ ಉಬ್ಬಿ ತೀರಿಕೊಂಡರಲ್ಲ, ಆ ಡಾಕ್ಟರು ಹಿಂದಿನ ಬಾಗಿಲಿನಿಂದ ಸ್ಕೂಟರ್ ಹತ್ತಿ ಹೋದರು. ನಾನು ಗೇಟಿನವರೆಗೆ ಓಡಿದೆ. ಆರೋಗ್ಯ ಮಂತ್ರಿಗಳಿಗೆ ಹನ್ನೊಂದು ಪತ್ರ ಬರೆದೆ, ಕಾರ್ಬನ್ ಪ್ರತಿಗಳು ಈಗಲೂ ಟ್ರಂಕಿನಲ್ಲಿವೆ. ಒಂದಕ್ಕೂ ಉತ್ತರವಿಲ್ಲ. ಅಪ್ಪ ಬದುಕುತ್ತಿರಲಿಲ್ಲವೇನೋ, ಅದು ಬೇರೆ ಮಾತು. ಹೀಗಾಯಿತು ಎಂದು ಅಮ್ಮನ ಮುಖ ನೋಡಿ ಒಂದು ವಾಕ್ಯ ಹೇಳಲು ಅವರಿಗೇನಾಗಿತ್ತು? ನಲವತ್ತೇಳು ವರ್ಷವಾಯಿತು, ನಾನು ಅವರನ್ನು ಕ್ಷಮಿಸಿಲ್ಲ.

ನೀನೋ, ಮಂಗಳೂರಿನ ಆಸ್ಪತ್ರೆಯಲ್ಲಿ ನನಗೆ ಎಚ್ಚರವಾದಾಗ ಮಂಚದ ಪಕ್ಕದಲ್ಲೇ ನಿಂತಿದ್ದೆ. "ಅಕ್ಕಾ, ಎನ್ನ ಕೈಟ್ ತಪ್ಪಾಂಡ್" ಎಂದೆ, ನನ್ನ ಕೈಯಿಂದ ತಪ್ಪಾಯಿತು ಎಂದು ನಮ್ಮ ತುಳುವಿನಲ್ಲೇ. ಊರಿನ ನಿನ್ನ ಥಿಯೇಟರಿನಲ್ಲಿ ನನ್ನ ಪಿತ್ತಕೋಶ ತೆಗೆಯುವಾಗ ಕತ್ತರಿಸಬಾರದ ನಾಳ ಕತ್ತರಿಸಿದೆ ಎಂದು ಬಿಡಿಸಿ ಹೇಳಿದೆ. ಅರ್ಧಂಬರ್ಧ ಮಂಪರಿನಲ್ಲೂ ನನಗೆ ಹೆಮ್ಮೆಯಾಯಿತು ಎಂದರೆ ನಂಬುತ್ತೀಯಾ? ಅದೇ ಮನುಷ್ಯ ಮಾರನೆಯ ವಾರದಿಂದ ನಾಪತ್ತೆ! ವಿಮಾನ ನಿಲ್ದಾಣಕ್ಕೂ ಬರಲಿಲ್ಲ.

ನನ್ನ ಅಳಿಯ ಪ್ರಕಾಶನ ವಿಷಯವನ್ನೂ ಮುಚ್ಚಿಡುವುದಿಲ್ಲ. ನೀನು ಕೊಟ್ಟುಕಳಿಸಿದ ಆಪರೇಷನ್ ಟಿಪ್ಪಣಿ ಓದಿ ಅವನು, "ಅತ್ತೆ, ಮಾಮ ತಾವೇ ಒಪ್ಕೊಂಡು ಬರ್ದಿದಾರೆ. ಈ ಒಂದು ಶೀಟ್ ಸಾಕು, ಕೇಸ್ ಫೈಲ್ ಮಾಡೋಣ" ಎಂದ. ತಪ್ಪು ತಿಳಿಯಬೇಡ, ನನ್ನ ಮೇಲಿನ ಪ್ರೀತಿಗೆ ಅಂದದ್ದು. ಅದೇ ಹಾಳೆಯನ್ನು ಅವನು ಲಿಮ್ ಅವರಿಗೂ ಕೊಟ್ಟ. ಅವರು ಎರಡು ಸಲ ಓದಿದರು. ಆರು ಸಾಲು. ಇಂಥ ಟಿಪ್ಪಣಿಗಳಲ್ಲಿ "ನಾಳಕ್ಕೆ ಪೆಟ್ಟಾಗಿದೆ" ಎಂದು ಬರೆಯುತ್ತಾರಂತೆ, ಯಾರು ಮಾಡಿದರು ಎಂಬುದೇ ಇಲ್ಲದ ವಾಕ್ಯ. ನೀನು ಬರೆದದ್ದು ಹಾಗಲ್ಲ. ಒಂದು ನಾಳವೆಂದು ತಿಳಿದು ಇನ್ನೊಂದನ್ನು ನಾನು ಕತ್ತರಿಸಿದೆ, ಹೊಲಿಯಲು ನಾನು ಪ್ರಯತ್ನಿಸಿಲ್ಲ, ನಳಿಕೆ ಇಟ್ಟು ಈಗಲೇ ಕಳಿಸುತ್ತಿದ್ದೇನೆ. ಲಿಮ್ ಹಾಳೆ ಕೆಳಗಿಟ್ಟು ಪ್ರಕಾಶನಿಗೆ ಹೇಳಿದರು: ಗಾಬರಿಯಲ್ಲಿ ಅಲ್ಲೇ ಹೊಲಿದು ತಪ್ಪು ಮುಚ್ಚಲು ಹೋದವರ ರೋಗಿಗಳು ನನ್ನ ಬಳಿಗೆ ಬರುವಾಗ ಹೊಲಿಯಲು ನಾಳವೇ ಉಳಿದಿರುವುದಿಲ್ಲ. ಇವರಿಗೆ ಉಳಿದಿದೆ, ಏಕೆಂದರೆ ಆ ಡಾಕ್ಟರು ಕೈ ತಡೆದರು. ಪ್ರಕಾಶ ಆ ಹಾಳೆಯನ್ನು ಮಡಿಸಿ ವರದಿಗಳ ಜೊತೆಗಿಟ್ಟ. ಕೇಸಿನ ಮಾತು ಆಮೇಲೆ ಎತ್ತಿಲ್ಲ.

ನೀನು ತಪ್ಪು ಮಾಡಿಲ್ಲ ಎಂದು ನಾನು ಬರೆಯುವುದಿಲ್ಲ. ಮಾಡಿದ್ದೀ. ಎರಡು ತಿಂಗಳು ಆ ಚೀಲ ಹೊತ್ತವಳು ನಾನು. ಆದರೆ ಎಲ್ಲಿ ನಿಲ್ಲಿಸಬೇಕು ಎಂದು ತಿಳಿದ ಕೈಯನ್ನು ಮಡಿಸಿಟ್ಟು, ಅದು ತಿಳಿಯದವರ ಕೈಗೆ ಊರಿನವರನ್ನು ಒಪ್ಪಿಸುವುದು ಯಾವ ನ್ಯಾಯ?

ವಿದ್ಯಾಶ್ರೀಗೆ ನನ್ನ ನೆನಪು ಹೇಳು, ಇನ್ನು ಅಳುವುದು ಬೇಡ ಎನ್ನು. ಯಶ್ಮಿತಾ, ಪ್ರಕಾಶ ನಮಸ್ಕಾರ ತಿಳಿಸಿದ್ದಾರೆ. ನಿನ್ನ ತಲೆಯ ಮೇಲೆ ಅಮ್ಮನ ಕೈಯೂ ನನ್ನ ಕೈಯೂ ಯಾವತ್ತೂ ಇವೆ.

ನಿನ್ನ ಅಕ್ಕ,
ಚಂಪಾ

ಮರೆತಿದ್ದೆ, ಪ್ರಕಾಶ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ: ನನ್ನ ಎಡಭುಜದ ಹಿಂದೆ ನಿಂಬೆಹಣ್ಣಿನಷ್ಟು ಕೊಬ್ಬಿನ ಗಂಟು ಇದೆ. ಅಪಾಯದ್ದಲ್ಲ, ಆದರೆ ರವಿಕೆಗೆ ಉಜ್ಜುತ್ತದೆ. ಇಲ್ಲೇ ತೆಗೆದುಬಿಡೋಣವೇ ಎಂದು ಲಿಮ್ ಕೇಳಿದರು. ಬೇಡ, ನನ್ನ ಡಾಕ್ಟರು ಊರಲ್ಲಿದ್ದಾರೆ ಎಂದೆ. ಏಪ್ರಿಲ್ ಹನ್ನೊಂದಕ್ಕೆ ಟಿಕೆಟ್ ಆಗಿದೆ. ಥಿಯೇಟರು ಗುಡಿಸಿಡು. ನಾನು ಮಲಗಿದ ಮೇಲೆ ಕತ್ತಿ ಬೇರೆಯವರ ಕೈಯಲ್ಲಿ ಕಂಡರೆ ಎದ್ದು ನಡೆದೇ ಬಿಡುತ್ತೇನೆ.